ಕೂದಲಿನ ನಾಟಿ: ವಿಧಾನವೂ ಚಿಕಿತ್ಸಾಲಯವೂ

ಬತ್ತದ ಸಸಿಗಳನ್ನು ಒಟ್ಟಲು ಪಾತಿಯಿಂದ ಕಿತ್ತು, ಕಂತೆ ಕಟ್ಟಿ, ಕೆಸರುಗದ್ದೆಯಲ್ಲಿ ನಾಟಿಮಾಡುವುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರಬಹುದು. ಸಸಿ ಒಂದೆಡೆ ಹುಟ್ಟಿ ಮತ್ತೊಂದೆಡೆ ಬೆಳೆಯುತ್ತದೆ. ಆದರೆ ಯಾವ ತಳಿಯ ಬೀಜದಿಂದ ಹುಟ್ಟಿತೋ ಆ ತಳಿಯ ಗುಣವನ್ನು ಹೊಸ ಗದ್ದೆಯಲ್ಲಿಯೂ ಬಿಡುವುದಿಲ್ಲ. ಬೋಳಾದ ನೆತ್ತಿಯಲ್ಲಿ ಕೂದಲು ಬೆಳೆಯಿಸುವ ಶಸ್ತ್ರಚಿಕಿತ್ಸೆಯೂ ಇಂಥದೊಂದು ನಾಟಿಯೇ. ತಲೆಯ ಹಿಂಭಾಗವೇ ಇಲ್ಲಿ ಒಟ್ಟಲು ಪಾತಿ. ನೆತ್ತಿ ಮತ್ತು ಹಣೆಯ ಮೇಲಂಚು ಗದ್ದೆ. ಒಂದು ಭೇದ ಮಾತ್ರ ಉಂಟು. ರೈತನು ಮುಂದಿನ ವರ್ಷ ಪಾತಿಗೆ ಮತ್ತೆ ಬೀಜ ಚೆಲ್ಲಬಲ್ಲನು. ತಲೆಯ ಪಾತಿಗೆ ಚೆಲ್ಲಲು ಬೀಜವೇ ಇಲ್ಲ. ಅಲ್ಲಿಂದ ಕಿತ್ತ ಪ್ರತಿಯೊಂದು ಸಸಿಯೂ ಅಲ್ಲಿ ಶಾಶ್ವತವಾಗಿ ಕಡಮೆಯಾಗುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಯಾವ ವಿಧಾನ ಮೇಲು, ಯಾವ ಚಿಕಿತ್ಸಾಲಯ ನಂಬತಕ್ಕದ್ದು ಎಂಬ ಪ್ರಶ್ನೆಗಳನ್ನು ಬಿಡಿಸುವುದು ಬಹಳಮಟ್ಟಿಗೆ ಸುಲಭವಾಗುತ್ತದೆ.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ವಿಷಯವೇಕೆ ಎಂದು ಹಿರಿಯರು ಯಾರಾದರೂ ಕೇಳಬಹುದು. ಕೂದಲು ಹಿಂದೆ ಸರಿಯಲು ತೊಡಗುವುದು ಅನೇಕ ತರುಣರಲ್ಲಿ ಹದಿನೆಂಟು ಇಪ್ಪತ್ತರ ಸುಮಾರಿಗೇ. ಕನ್ನಡಿಯ ಮುಂದೆ ಹುಟ್ಟಿದ ಕಳವಳವನ್ನು ಬೆಳೆಯಿಸಲು ಜಾಹೀರಾತುಗಳು ಸಿದ್ಧವಾಗಿಯೇ ಇರುತ್ತವೆ. ೨೦೧೬ರ ಮೇ ತಿಂಗಳಿನಲ್ಲಿ ಚೆನ್ನೈ ನಗರದಲ್ಲಿ ಇಪ್ಪತ್ತೆರಡು ವರ್ಷದ ತರುಣರೊಬ್ಬರು ಕೂದಲು ನೆಡಿಸಿಕೊಳ್ಳಲು ಹೋಗಿ, ಆ ಚಿಕಿತ್ಸೆಯ ತೊಡಕಿನಿಂದ ತೀರಿಕೊಂಡರು. ಅವರು ವೈದ್ಯಕೀಯ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿ. ಆ ಸ್ಥಳಕ್ಕೆ ಇದ್ದುದು ಕ್ಷೌರ ಮತ್ತು ಅಲಂಕಾರದ ಅಂಗಡಿಯ ಪರವಾನಗಿ ಮಾತ್ರವೆಂದು ಪತ್ರಿಕೆಗಳು ಆಗ ವರದಿ ಮಾಡಿದುವು. ವೈದ್ಯವನ್ನು ಓದುತ್ತಿದ್ದವರಿಗೇ ಹೀಗಾದ ಮೇಲೆ, ಇತರರು ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅನಾವಶ್ಯಕವೆನಿಸದು.

ಕೂದಲು ಬೆಳೆಯುವ ಬಗೆ

ಮನುಷ್ಯನ ತಲೆಯಲ್ಲಿ ಸುಮಾರು ೧,೦೦,೦೦೦ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಚರ್ಮದೊಳಗೆ ಓರೆಯಾಗಿ ಇಳಿದಿರುವ ಒಂದು ಸಣ್ಣ ಚೀಲದಿಂದ ಹುಟ್ಟುತ್ತದೆ. ಇದನ್ನು ಕೇಶಕೂಪವೆಂದು ಕರೆಯೋಣ. ಕಣ್ಣಿಗೆ ಕಾಣುವ ಕೂದಲು ನಿರ್ಜೀವ ವಸ್ತು. ಜೀವವಿರುವುದು ಈ ಕೂಪದಲ್ಲಿ. ಒಂದು ಕೂಪವು ಎರಡರಿಂದ ಆರು ವರ್ಷ ಬಿಡುವಿಲ್ಲದೆ ಕೂದಲನ್ನು ನೂಲುತ್ತದೆ. ಬೆಳವಣಿಗೆಯ ವೇಗ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಆ ಬಳಿಕ ಎರಡು ಮೂರು ವಾರಗಳಲ್ಲಿ ಕೂಪವು ಕುಗ್ಗಿ, ಸುಮಾರು ಮೂರು ತಿಂಗಳು ವಿಶ್ರಮಿಸುತ್ತದೆ. ವಿಶ್ರಾಂತಿಯ ಕೊನೆಯಲ್ಲಿ ಹಳೆಯ ಕೂದಲು ಉದುರಿ ಹೊಸದು ಹುಟ್ಟುತ್ತದೆ.

ಇದರಿಂದ ಒಂದು ಸರಳ ಲೆಕ್ಕ ಹೊರಡುತ್ತದೆ. ಯಾವುದೇ ದಿನ ನೂರಕ್ಕೆ ಹತ್ತರಷ್ಟು ಕೂದಲುಗಳು ವಿಶ್ರಾಂತಿಯಲ್ಲಿವೆ ಎಂದಿಟ್ಟುಕೊಂಡರೆ ಅವುಗಳ ಸಂಖ್ಯೆ ೧೦,೦೦೦. ಅವೆಲ್ಲ ಸುಮಾರು ೧೦೦ ದಿನಗಳಲ್ಲಿ ಉದುರಬೇಕು. ಎಂದರೆ ದಿನಕ್ಕೆ ನೂರು. ಬಾಚಣಿಗೆಯಲ್ಲಿ ಐವತ್ತೋ ನೂರೋ ಕೂದಲು ಕಂಡ ಮಾತ್ರಕ್ಕೆ ಗಾಬರಿಗೊಳ್ಳಬೇಕಾಗಿಲ್ಲವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಬೋಳಾಗುವುದೆಂದರೆ ಕೂದಲು ಉದುರುವುದೆಂದು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕೂಪಗಳು ಕುಗ್ಗುವ ಕ್ರಿಯೆ. ಉದುರಿದ ದಪ್ಪ ಕೂದಲಿನ ಜಾಗದಲ್ಲಿ ಸ್ವಲ್ಪ ತೆಳ್ಳನೆಯದು ಹುಟ್ಟುತ್ತದೆ. ಅದು ಬಿದ್ದ ಮೇಲೆ ಮತ್ತಷ್ಟು ತೆಳ್ಳನೆಯದು. ಹೀಗೆ ಕೆಲವು ಸುತ್ತುಗಳು ಕಳೆಯುವಷ್ಟರಲ್ಲಿ ಶಿಶುವಿನ ಮೈಮೇಲಿನ ನವಿರಿನಂತಹ ಎಳೆ ಮಾತ್ರ ಉಳಿಯುತ್ತದೆ. ಇದಕ್ಕೆ ಕಾರಣವೇನು? ಬೀಜ ಒಡೆಸಿಕೊಂಡವರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಪ್ರಾಚೀನ ಗ್ರೀಸಿನ ವೈದ್ಯರೇ ಗಮನಿಸಿದ್ದರು. ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್. ಪ್ರಾಯಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಪುರುಷರು ಬೋಳಾಗುವುದಿಲ್ಲ. ಆದರೆ ಅವರಿಗೆ ಟೆಸ್ಟಾಸ್ಟಿರಾನ್ ಎಂಬ ಹಾರ್ಮೋನನ್ನು ಕೊಟ್ಟರೆ, ಮನೆತನದಲ್ಲಿ ಬೋಳುತಲೆಯಿರುವವರು ಬೋಳಾಗತೊಡಗುತ್ತಾರೆ. ಕೊಡುವುದನ್ನು ನಿಲ್ಲಿಸಿದರೆ ಬೋಳುತನ ಮುಂದುವರಿಯುವುದು ನಿಲ್ಲುತ್ತದೆ. ೧೯೪೨ರಲ್ಲಿ ಅವರು ಪ್ರಕಟಿಸಿದ ಈ ಫಲಿತಾಂಶದಿಂದ ಅನುವಂಶಿಕತೆ, ಹಾರ್ಮೋನು ಎರಡೂ ಕೂಡಿದಾಗ ಮಾತ್ರ ತಲೆ ಬೋಳಾಗುತ್ತದೆಂಬುದು ಸ್ಪಷ್ಟವಾಯಿತು. ಮುಂದೆ ತಿಳಿದುಬಂದ ವಿಷಯವೇನೆಂದರೆ, ಟೆಸ್ಟಾಸ್ಟಿರಾನು ಚರ್ಮದಲ್ಲಿ ಒಂದು ಕಿಣ್ವದ ಮೂಲಕ ಡೈಹೈಡ್ರೊಟೆಸ್ಟಾಸ್ಟಿರಾನ್ ಆಗಿ ಮಾರ್ಪಡುತ್ತದೆ. ಕೂಪಗಳನ್ನು ಕುಗ್ಗಿಸುವುದು ಈ ಎರಡನೆಯ ವಸ್ತು. ಟೋಪಿ ಧರಿಸುವುದಕ್ಕೂ, ಊರಿನ ನೀರಿಗೂ, ಹಚ್ಚುವ ಎಣ್ಣೆಗೂ ಈ ವಂಶಪಾರಂಪರ್ಯದ ಬೋಳುತನದಲ್ಲಿ ಪಾತ್ರವಿಲ್ಲ.

ಆದರೆ ಎಷ್ಟೇ ಬೋಳಾದವರಿಗೂ ಕಿವಿಯಿಂದ ಕಿವಿಗೆ, ಹಿಂದಲೆಯನ್ನು ಬಳಸಿ, ಕುದುರೆಲಾಳದ ಆಕಾರದಲ್ಲಿ ಕೂದಲು ಉಳಿದಿರುವುದನ್ನು ನಾವೆಲ್ಲ ನೋಡಿದ್ದೇವೆ. ಆ ಭಾಗದ ಕೂಪಗಳು ಮೇಲೆ ಹೇಳಿದ ವಸ್ತುವಿಗೆ ಜಗ್ಗುವುದಿಲ್ಲ. ನಾಟಿಯ ಕಥೆ ಪ್ರಾರಂಭವಾಗುವುದು ಇಲ್ಲಿಂದ.

ಗೊಂಬೆಯ ತಲೆಯಿಂದ ಸೂಕ್ಷ್ಮದರ್ಶಕದವರೆಗೆ

ಜಪಾನಿನ ಚರ್ಮವೈದ್ಯ ಷೋಜಿ ಒಕುದ ೧೯೩೯ರಲ್ಲಿಯೇ, ಕೂದಲಿರುವ ಚರ್ಮದ ಸಣ್ಣ ಸಣ್ಣ ಬಿಲ್ಲೆಗಳನ್ನು ಟೊಳ್ಳು ಉಳಿಯಂತಹ ಸಲಕರಣೆಯಿಂದ ತೆಗೆದು, ಗಾಯದ ಕಲೆಗಳಿಂದ ಬೋಳಾದ ಜಾಗಗಳಲ್ಲಿ ನೆಟ್ಟು ಬೆಳೆಯಿಸಿದುದನ್ನು ವರದಿಮಾಡಿದ್ದರು. ಜಪಾನಿ ಭಾಷೆಯಲ್ಲಿದ್ದ ಆ ಲೇಖನ ಯುದ್ಧಕಾಲದ ಗದ್ದಲದಲ್ಲಿ ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆನ್‌ಟ್ರೈಕ್ ೧೯೫೨ರಲ್ಲಿ ಇದೇ ಬಗೆಯ ಕೆಲಸವನ್ನು ವಂಶಾನುಗತ ಬೋಳುತನಕ್ಕೆ ಅನ್ವಯಿಸಿ, ೧೯೫೯ರಲ್ಲಿ ಪ್ರಕಟಿಸಿದರು. ಅವರು ಸ್ಥಾಪಿಸಿದ ತತ್ತ್ವವೇ ಇಂದಿಗೂ ಈ ಶಸ್ತ್ರಚಿಕಿತ್ಸೆಯ ಬುನಾದಿ: ಕೂಪದ ಸ್ವಭಾವ ಅದು ಹುಟ್ಟಿದ ಜಾಗದ್ದು, ನೆಟ್ಟ ಜಾಗದ್ದಲ್ಲ. ಹಿಂದಲೆಯಿಂದ ತಂದು ನೆತ್ತಿಯಲ್ಲಿ ನೆಟ್ಟರೂ ಅದು ಹಿಂದಲೆಯ ಕೂಪದಂತೆಯೇ ಬಾಳುತ್ತದೆ.

ತತ್ತ್ವ ಸರಿಯಾಗಿತ್ತು, ರೂಪ ಮಾತ್ರ ಚೆನ್ನಾಗಿರಲಿಲ್ಲ. ನಾಲ್ಕು ಮಿಲಿಮೀಟರು ಅಗಲದ ಒಂದೊಂದು ಬಿಲ್ಲೆಯಲ್ಲಿಯೂ ಹತ್ತಿಪ್ಪತ್ತು ಕೂದಲುಗಳು ಒತ್ತಾಗಿ ನಿಂತು, ಬಿಲ್ಲೆ ಬಿಲ್ಲೆಗಳ ನಡುವೆ ಬರಿಯ ಚರ್ಮ ಕಾಣುತ್ತಿತ್ತು. ಆಟದ ಗೊಂಬೆಯ ತಲೆಯಲ್ಲಿ ಕುಚ್ಚು ಕುಚ್ಚಾಗಿ ಕೂದಲು ಹೊಲಿದಂತೆ! ಹಲವು ದಶಕಗಳ ಕಾಲ ಜನ ಇದನ್ನೇ ಸಹಿಸಿಕೊಂಡರು. ೧೯೮೪ರಲ್ಲಿ ಜಾನ್ ಹೆಡಿಂಗ್‌ಟನ್ ಎಂಬ ವಿಜ್ಞಾನಿ, ತಲೆಯ ಕೂದಲು ಒಂಟಿಯಾಗಿ ಹುಟ್ಟದೆ ಒಂದರಿಂದ ನಾಲ್ಕರವರೆಗಿನ ಗುಚ್ಛಗಳಾಗಿ ಹುಟ್ಟುತ್ತದೆಂಬುದನ್ನು ವಿವರಿಸಿದರು. ಗುಚ್ಛವನ್ನು ಗುಚ್ಛವಾಗಿಯೇ ನೆಟ್ಟರೆ ನಿಸರ್ಗದ ಮಾದರಿಯೇ ಉಳಿಯುವುದಲ್ಲವೆ? ಟೆಕ್ಸಾಸಿನ ಬಾಬ್ಬಿ ಲಿಮ್ಮರ್ ಸೂಕ್ಷ್ಮದರ್ಶಕದ ಕೆಳಗೆ ಚರ್ಮವನ್ನು ಬಿಡಿಸಿ ಗುಚ್ಛಗಳನ್ನು ಬೇರ್ಪಡಿಸುವ ಕೆಲಸವನ್ನು ೧೯೮೮ರಲ್ಲಿ ಪ್ರಾರಂಭಿಸಿ ೧೯೯೪ರಲ್ಲಿ ಪ್ರಕಟಿಸಿದರು. ಇಂದಿನ ಎಲ್ಲ ವಿಧಾನಗಳೂ ಗುಚ್ಛಗಳನ್ನೇ ನೆಡುತ್ತವೆ.

ಎರಡು ವಿಧಾನಗಳು, ಹಲವು ಹೆಸರುಗಳು

ಜಾಹೀರಾತುಗಳನ್ನು ನೋಡಿದರೆ ಹತ್ತಾರು ವಿಧಾನಗಳಿರುವಂತೆ ತೋರುತ್ತದೆ. ಸಿಪ್ಪೆ ಸುಲಿದು ನೋಡಿದರೆ ಉಳಿಯುವುದು ಎರಡೇ. ಅವುಗಳೊಳಗಿನ ಭೇದವೂ ಪಾತಿಯಿಂದ ಸಸಿ ಕೀಳುವ ಬಗೆಯಲ್ಲಿ ಮಾತ್ರ.

ಮೊದಲನೆಯದು ಪಟ್ಟಿಯ ವಿಧಾನ, ಇದನ್ನು ಎಫ್.ಯು.ಟಿ. ಎನ್ನುವುದು ರೂಢಿ. ಹಿಂದಲೆಯಿಂದ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಅಗಲವಾದ, ಗೇಣುದ್ದದ ಚರ್ಮದ ಪಟ್ಟಿಯನ್ನು ಕತ್ತರಿಸಿ ತೆಗೆದು, ಗಾಯದ ಎರಡು ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಗುಚ್ಛಗಳಾಗಿ ಬಿಡಿಸುತ್ತಾರೆ. ಉಳಿಯುವುದು ಒಂದು ಗೆರೆಯಂತಹ ಕಲೆ. ತಲೆಗೂದಲನ್ನು ತುಸು ಉದ್ದ ಬಿಡುವವರಲ್ಲಿ ಅದು ಮುಚ್ಚಿಹೋಗುತ್ತದೆ. ಮೋಟಾಗಿ ಕತ್ತರಿಸಿಕೊಳ್ಳುವವರಲ್ಲಿ ಕಾಣುತ್ತದೆ.

ಎರಡನೆಯದು ಒಂದೊಂದಾಗಿ ಕೀಳುವ ವಿಧಾನ. ರೂಢಿಯ ಹೆಸರು ಎಫ್.ಯು.ಇ. ಅಮೆರಿಕದ ರಾಸ್‌ಮನ್, ಬರ್ನ್‌ಸ್ಟೈನ್ ಮತ್ತು ಅವರ ಸಂಗಡಿಗರು ೨೦೦೨ರಲ್ಲಿ ಇದನ್ನು ವೈದ್ಯಪತ್ರಿಕೆಯಲ್ಲಿ ವಿವರಿಸಿದ ಮೇಲೆ ಎಲ್ಲೆಡೆ ಹರಡಿತು. ಸುಮಾರು ೦.೮ರಿಂದ ೧ ಮಿಲಿಮೀಟರು ವ್ಯಾಸದ ಟೊಳ್ಳು ಸೂಜಿಯಂತಹ ಉಳಿಯಿಂದ ಪ್ರತಿ ಗುಚ್ಛದ ಸುತ್ತ ಕೊರೆದು, ಚಿಮಟದಿಂದ ಎಳೆದು ತೆಗೆಯುತ್ತಾರೆ. ಹೊಲಿಗೆಯಿಲ್ಲ, ಗಾಯ ಬೇಗ ಮಾಯುತ್ತದೆ. ಆದರೆ ಕೂಪವು ಚರ್ಮದೊಳಗೆ ಯಾವ ಕೋನದಲ್ಲಿ ಇಳಿದಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ಉಳಿಯನ್ನು ಅದೇ ಕೋನದಲ್ಲಿ ಇಳಿಸಬೇಕು. ಕೈ ತಪ್ಪಿದರೆ ಕೂಪ ನಡುವೆ ತುಂಡಾಗುತ್ತದೆ. ತುಂಡಾದುದು ಹೊಸ ಜಾಗದಲ್ಲಿ ಬೆಳೆಯುವುದೂ ಸಂದೇಹ, ಹಳೆಯ ಜಾಗದಲ್ಲಿ ಉಳಿಯುವುದೂ ಸಂದೇಹ. ಗುಂಗುರು ಕೂದಲಿನವರಲ್ಲಿ ಕೂಪವೂ ಬಾಗಿರುವುದರಿಂದ ಈ ಕಷ್ಟ ಹೆಚ್ಚು.

‘ಕಲೆಯಿಲ್ಲದ ಶಸ್ತ್ರಚಿಕಿತ್ಸೆ’ ಎಂದು ಎರಡನೆಯದನ್ನು ಹೊಗಳುವುದುಂಟು. ಇದನ್ನು ಗಣಿತದಿಂದ ಪರೀಕ್ಷಿಸೋಣ. ೦.೯ ಮಿಲಿಮೀಟರು ವ್ಯಾಸದ ಒಂದು ರಂಧ್ರದ ವಿಸ್ತೀರ್ಣ ಸುಮಾರು ೦.೬೪ ಚದರ ಮಿಲಿಮೀಟರು. ೨೦೦೦ ಗುಚ್ಛಗಳನ್ನು ತೆಗೆದರೆ ಒಟ್ಟು ಸುಮಾರು ೧೨೮೦ ಚದರ ಮಿಲಿಮೀಟರು, ಎಂದರೆ ೧೩ ಚದರ ಸೆಂಟಿಮೀಟರಿಗೆ ಹತ್ತಿರ. ಅಷ್ಟೇ ಗುಚ್ಛಗಳಿಗಾಗಿ ೨೨ ಸೆಂಟಿಮೀಟರು ಉದ್ದದ ಪಟ್ಟಿ ತೆಗೆದು ಚೆನ್ನಾಗಿ ಹೊಲಿದು, ಎರಡು ಮಿಲಿಮೀಟರು ಅಗಲದ ಗೆರೆ ಉಳಿಯಿತೆನ್ನಿ. ಅದರ ವಿಸ್ತೀರ್ಣ ಸುಮಾರು ೪.೪ ಚದರ ಸೆಂಟಿಮೀಟರು. ರಂಧ್ರಗಳು ಮಾಯುವಾಗ ಕುಗ್ಗುವುದು ನಿಜ. ಆದರೂ ಬಿಳಿಯ ಚುಕ್ಕೆಗಳಾಗಿ ಅವು ಉಳಿಯುತ್ತವೆ. ಎರಡನೆಯ ವಿಧಾನದಲ್ಲಿ ಕಲೆ ಇಲ್ಲವೆನ್ನುವುದು ಸುಳ್ಳು. ಅದು ಚದರಿ ಹೋಗಿರುತ್ತದೆ ಎನ್ನುವುದು ಸತ್ಯ. ಅತಿಯಾಸೆಯಿಂದ ಒತ್ತೊತ್ತಾಗಿ ಕಿತ್ತರೆ ಹಿಂದಲೆ ನುಸಿ ತಿಂದ ಕಂಬಳಿಯಂತಾಗುತ್ತದೆ. ಅದನ್ನು ಸರಿಪಡಿಸುವ ಉಪಾಯ ಬಹಳ ಕಡಮೆ.

ಹಾಗಾದರೆ ಯಾವುದು ಮೇಲು? ತಲೆಗೂದಲನ್ನು ಮೋಟಾಗಿ ಇರಿಸಿಕೊಳ್ಳುವವರಿಗೂ, ಕಡಮೆ ಸಂಖ್ಯೆಯ ಗುಚ್ಛಗಳು ಸಾಕಾಗುವವರಿಗೂ ಒಂದೊಂದಾಗಿ ಕೀಳುವುದು ಅನುಕೂಲ. ಬಹಳ ಗುಚ್ಛಗಳು ಬೇಕಾದವರಿಗೆ, ಕೂದಲನ್ನು ಉದ್ದ ಬಿಡುವವರಿಗೆ, ಪಟ್ಟಿಯ ವಿಧಾನ ಇಂದಿಗೂ ಸಮರ್ಥವಾದದ್ದೇ. ನಮ್ಮ ಅಭಿಪ್ರಾಯದಲ್ಲಿ, ಎರಡನ್ನೂ ಬಲ್ಲ ವೈದ್ಯರು ಕೊಡುವ ಸಲಹೆಗೆ ಒಂದನ್ನೇ ಬಲ್ಲವರ ಸಲಹೆಗಿಂತ ಹೆಚ್ಚು ಬೆಲೆಯುಂಟು.

ಉಳಿದ ಹೆಸರುಗಳನ್ನು ಬೇಗ ಮುಗಿಸಬಹುದು. ಡಿ.ಎಚ್.ಐ. ಎಂದು ಪ್ರಚಾರ ಪಡೆದಿರುವುದರಲ್ಲಿ, ಕೊರಿಯದಲ್ಲಿ ರೂಪಿಸಿದ ಲೇಖನಿಯಂತಹ ನೆಡುವ ಸಾಧನವೊಂದನ್ನು ಬಳಸುತ್ತಾರೆ. ಕೀಳುವುದು ಎಂದಿನಂತೆ ಒಂದೊಂದಾಗಿಯೇ. ಅಮೆರಿಕದಲ್ಲಿ ೨೦೧೧ರಲ್ಲಿ ಅನುಮತಿ ಪಡೆದ ಯಂತ್ರಮಾನವವೂ ಇದೇ ಕೊರೆಯುವ ಕೆಲಸವನ್ನು ಕ್ಯಾಮೆರಾದ ನೆರವಿನಿಂದ ಮಾಡುತ್ತದೆ. ಸಲಕರಣೆಯ ಹೆಸರಿಗೆ ಹಣ ತೆರುವಾಗ ಈ ವಿಷಯ ನೆನಪಿರಬೇಕು.

ವಿಧಾನದ ಹೆಸರಿಗಿಂತ ಫಲವನ್ನು ಹೆಚ್ಚಾಗಿ ನಿರ್ಧರಿಸುವ ಅಂಶವೊಂದುಂಟು: ಕಿತ್ತ ಗುಚ್ಛ ದೇಹದ ಹೊರಗೆ ಎಷ್ಟು ಹೊತ್ತು ಇರುತ್ತದೆಂಬುದು. ಲಿಮ್ಮರ್ ಅವರು ತಂಪಾದ ಲವಣದ್ರಾವಣದಲ್ಲಿಟ್ಟ ಗುಚ್ಛಗಳನ್ನು ಬೇರೆ ಬೇರೆ ಅವಧಿಗಳ ಬಳಿಕ ನೆಟ್ಟು ನೋಡಿದರು. ಎರಡು ಗಂಟೆಗಳ ಬಳಿಕ ನೆಟ್ಟವುಗಳಲ್ಲಿ ನೂರಕ್ಕೆ ೯೫ ಬದುಕಿದುವು. ಆರು ಗಂಟೆಗಳ ಬಳಿಕ ೮೬. ಇಪ್ಪತ್ತನಾಲ್ಕು ಗಂಟೆಗಳ ಬಳಿಕ ೭೯. ನಲವತ್ತೆಂಟು ಗಂಟೆಗಳ ಬಳಿಕ ೫೪. ಕಿತ್ತ ಬತ್ತದ ಸಸಿಯನ್ನು ಬದುವಿನ ಮೇಲೆ ಒಣಗಲು ಬಿಡುವ ರೈತನಿಲ್ಲ. ಗುಚ್ಛಗಳೂ ಒಣಗಬಾರದು, ಚಿಮಟದಲ್ಲಿ ನಲುಗಬಾರದು. ಒಂದೇ ದಿನ ಅತಿ ದೊಡ್ಡ ಸಂಖ್ಯೆಯನ್ನು ನೆಡುತ್ತೇವೆಂದು ಹೆಮ್ಮೆಪಡುವವರ ಮಾತನ್ನು ಈ ಹಿನ್ನೆಲೆಯಲ್ಲಿಯೂ ತೂಗಿ ನೋಡಬೇಕು.

ಪಾತಿಯಲ್ಲಿರುವ ಬಂಡವಾಳ

ಈಗ ಲೇಖನದ ಮೊದಲಲ್ಲಿ ಹೇಳಿದ ಭೇದಕ್ಕೆ ಬರೋಣ. ಹಿಂದಲೆಯ ಕುಗ್ಗದ ಭಾಗದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ೭೫ ಗುಚ್ಛಗಳಿವೆಯೆಂದೂ, ಆ ಭಾಗದ ವಿಸ್ತೀರ್ಣ ೧೬೦ ಚದರ ಸೆಂಟಿಮೀಟರೆಂದೂ ಇಟ್ಟುಕೊಳ್ಳೋಣ. ಒಟ್ಟು ಗುಚ್ಛಗಳು ೧೨,೦೦೦. ಕೂದಲು ಸುಮಾರು ಅರ್ಧದಷ್ಟು ಕಡಮೆಯಾಗುವವರೆಗೆ ತೆಳುವಾದುದು ನೋಟಕ್ಕೆ ಎದ್ದು ಕಾಣುವುದಿಲ್ಲ. ಆದುದರಿಂದ ತೆಗೆಯಬಹುದಾದದ್ದು ಹೆಚ್ಚೆಂದರೆ ೬೦೦೦. ಇದು ಒಂದು ದಿನದ ಲೆಕ್ಕವಲ್ಲ, ಇಡೀ ಜೀವಮಾನದ್ದು. ಕೂದಲು ತೆಳ್ಳಗಿದ್ದು ಗುಚ್ಛಗಳು ವಿರಳವಾಗಿರುವವರಿಗೆ ಇದಕ್ಕಿಂತಲೂ ಕಡಮೆ.

ಇಪ್ಪತ್ತು ವರ್ಷದ ತರುಣನೊಬ್ಬನ ಹಣೆಯ ಮೇಲಂಚು ಹಿಂದೆ ಸರಿದಿದೆ. ಶಾಲೆಯ ದಿನಗಳಲ್ಲಿದ್ದ ಗೆರೆಯೇ ಮತ್ತೆ ಬೇಕೆಂದು ಅವನ ಹಟ. ೬೦ ಚದರ ಸೆಂಟಿಮೀಟರಿಗೆ, ಚದರ ಸೆಂಟಿಮೀಟರೊಂದಕ್ಕೆ ೪೦ರಂತೆ, ೨೪೦೦ ಗುಚ್ಛಗಳನ್ನು ನೆಡುತ್ತಾರೆ. ಒಂದು ವರ್ಷದ ಬಳಿಕ ಅವನು ಸಂತುಷ್ಟನೇ. ಆದರೆ ನೆಟ್ಟ ಕೂದಲು ನಿಂತಿತೇ ಹೊರತು ಹುಟ್ಟುಗೂದಲಿನ ಕೂಪಗಳು ಕುಗ್ಗುವುದು ನಿಲ್ಲಲಿಲ್ಲ. ನಲವತ್ತರ ವೇಳೆಗೆ ಅದರ ಹಿಂದಿನ ೧೫೦ ಚದರ ಸೆಂಟಿಮೀಟರು ಬೋಳಾಯಿತು. ಚದರ ಸೆಂಟಿಮೀಟರಿಗೆ ೩೦ರಂತೆ ಜಿಪುಣತನದಿಂದ ನೆಟ್ಟರೂ ೪೫೦೦ ಗುಚ್ಛ ಬೇಕು. ಒಟ್ಟು ೬೯೦೦, ಪಾತಿಯಲ್ಲಿರುವುದು ೬೦೦೦. ಹಣೆಯ ಮೇಲೆ ದಟ್ಟವಾದ ಒಂದು ದಂಡೆ, ಅದರ ಹಿಂದೆ ತುಂಬಲಾಗದ ಬಯಲು. ನಿಸರ್ಗ ಯಾರನ್ನೂ ಈ ರೀತಿ ಬೋಳಾಗಿಸುವುದಿಲ್ಲ. ಈ ಕಾರಣದಿಂದಲೇ ಜವಾಬ್ದಾರಿಯುಳ್ಳ ವೈದ್ಯರು ಇಪ್ಪತ್ತರ ಹರಯದವರಿಗೆ ಕಾಯಲು ಹೇಳುತ್ತಾರೆ. ಹ್ಯಾಮಿಲ್ಟನ್ ೧೯೫೧ರಲ್ಲಿ ರಚಿಸಿ ನಾರ್‌ವುಡ್ ೧೯೭೫ರಲ್ಲಿ ಪರಿಷ್ಕರಿಸಿದ, ಏಳು ಹಂತಗಳ ಬೋಳುತನದ ಕೋಷ್ಟಕವೊಂದುಂಟು. ತಂದೆ, ಸೋದರಮಾವ, ಅಜ್ಜಂದಿರು ಆ ಕೋಷ್ಟಕದಲ್ಲಿ ಎಲ್ಲಿ ನಿಲ್ಲುತ್ತಾರೆಂದು ಕೇಳದೆ ನಾಟಿಯ ದಿನಾಂಕ ಗೊತ್ತುಮಾಡುವ ಚಿಕಿತ್ಸಾಲಯದಿಂದ ಎದ್ದುಬರುವುದೇ ಲೇಸು.

ಕಾಯುವ ಕಾಲದಲ್ಲಿ ಕೈಕಟ್ಟಿ ಕೂಡಬೇಕೆಂದಿಲ್ಲ. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಮಿನಾಕ್ಸಿಡಿಲ್ ಎಂಬ ಗುಳಿಗೆಯಿಂದ ರೋಗಿಗಳ ಮೈಮೇಲೆ ಕೂದಲು ಬೆಳೆದುದನ್ನು ಕಂಡು, ಅದನ್ನು ತಲೆಗೆ ಹಚ್ಚುವ ದ್ರವವಾಗಿ ಮಾಡಿದರು. ಅಮೆರಿಕದಲ್ಲಿ ೧೯೮೮ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಫಿನಾಸ್ಟಿರೈಡ್ ಎಂಬುದು ಮೇಲೆ ಹೇಳಿದ ಕಿಣ್ವವನ್ನು ತಡೆಯುವ ಔಷಧ. ಅದರ ಒಂದು ಮಿಲಿಗ್ರಾಮಿನ ಗುಳಿಗೆಗೆ ೧೯೯೭ರಲ್ಲಿ ಅನುಮತಿ ಬಂದಿತು. ಎರಡೂ ಬಳಸುತ್ತಿರುವವರೆಗೆ ಮಾತ್ರ ಕೆಲಸ ಮಾಡುತ್ತವೆ. ಎರಡನೆಯದರಿಂದ ಕೆಲವರಲ್ಲಿ ಲೈಂಗಿಕ ತೊಂದರೆಗಳು ಕಾಣಿಸಿಕೊಳ್ಳುವುದುಂಟು. ಗರ್ಭಿಣಿಯರು ಅದರ ಒಡೆದ ಗುಳಿಗೆಯನ್ನು ಮುಟ್ಟಲೂ ಕೂಡದು. ವೈದ್ಯರನ್ನು ಕೇಳದೆ ಔಷಧದ ಅಂಗಡಿಯಿಂದ ತಂದು ನುಂಗುವ ವಸ್ತು ಇದಲ್ಲ.

ಎಲ್ಲ ಕೂದಲುದುರುವಿಕೆಗೂ ನಾಟಿ ಮದ್ದಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಟೈಫಾಯ್ಡ್, ಡೆಂಗೆ ಮುಂತಾದ ಜ್ವರಗಳಾದ ಎರಡು ಮೂರು ತಿಂಗಳಿಗೆ, ಹೆರಿಗೆಯ ಬಳಿಕ, ಅಥವಾ ರಕ್ತದಲ್ಲಿ ಕಬ್ಬಿಣದ ಕೊರತೆಯಿದ್ದಾಗ ಹಿಡಿಹಿಡಿಯಾಗಿ ಕೂದಲು ಬೀಳುವುದುಂಟು. ಜ್ವರ ಮತ್ತು ಹೆರಿಗೆಯ ಬಳಿಕ ಉದುರಿದುದು ಬಹುಮಟ್ಟಿಗೆ ತಾನಾಗಿಯೇ ಮರಳಿ ಬರುತ್ತದೆ. ಕಬ್ಬಿಣದ ಕೊರತೆಗೆ ಅದನ್ನು ತುಂಬುವುದೇ ಚಿಕಿತ್ಸೆ. ನಾಣ್ಯದಗಲದ ಗುಂಡನೆಯ ಬೋಳುಗಳು ಕಾಣಿಸಿಕೊಳ್ಳುವ ಕಾಯಿಲೆಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕೂಪಗಳ ಮೇಲೆ ಎರಗುತ್ತದೆ. ನೆಟ್ಟ ಕೂಪಗಳನ್ನೂ ಅದು ಬಿಡದಿರಬಹುದು. ಸ್ತ್ರೀಯರಲ್ಲಿ ಅನೇಕ ವೇಳೆ ಹಿಂದಲೆಯೂ ಸೇರಿದಂತೆ ತಲೆಯೆಲ್ಲ ಒಟ್ಟಾಗಿ ತೆಳುವಾಗುವುದರಿಂದ ನಂಬತಕ್ಕ ಪಾತಿಯೇ ಇರುವುದಿಲ್ಲ. ಆದುದರಿಂದ ಮೊದಲು ಬೇಕಾದುದು ರೋಗನಿರ್ಣಯ. ಅದನ್ನು ಮಾಡತಕ್ಕವರು ಚರ್ಮವೈದ್ಯರು, ಚಿಕಿತ್ಸಾಲಯದ ಮಾರಾಟದ ಮೇಜಿನಲ್ಲಿ ಕುಳಿತವರಲ್ಲ.

ಚಿಕಿತ್ಸಾಲಯವನ್ನು ಅರಿಯುವ ಬಗೆ

ಚೆನ್ನೈನ ದುರಂತ ಒಂಟಿಯಲ್ಲ. ೨೦೧೯ರಲ್ಲಿ ಮುಂಬಯಿಯಲ್ಲಿ ಉದ್ಯಮಿಯೊಬ್ಬರು ನಾಟಿಯ ಬಳಿಕ ತೀರಿಕೊಂಡರು. ಅವರಿಗೆ ಒಂದೇ ಸರದಿಯಲ್ಲಿ ೯೦೦೦ಕ್ಕೂ ಹೆಚ್ಚು ಗುಚ್ಛಗಳನ್ನು ನೆಟ್ಟಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಮೇಲಿನ ಬಂಡವಾಳದ ಲೆಕ್ಕದೊಡನೆ ಈ ಸಂಖ್ಯೆಯನ್ನು ಹೋಲಿಸಿ ನೋಡಿ. ೨೦೨೧ರಲ್ಲಿ ದೆಹಲಿಯಲ್ಲಿ ಮೂವತ್ತರ ತರುಣರೊಬ್ಬರು ನಾಟಿಯ ಬಳಿಕ ಹರಡಿದ ಸೋಂಕಿನಿಂದ ಮೃತರಾದರು. ವಿಷಯ ಅಲ್ಲಿನ ಉಚ್ಚ ನ್ಯಾಯಾಲಯದ ಮುಂದೆಯೂ ಹೋಯಿತು. ಸಾವಿರಾರು ಮಂದಿ ಸುರಕ್ಷಿತವಾಗಿ ಮಾಡಿಸಿಕೊಳ್ಳುವ ಚಿಕಿತ್ಸೆ ಇದೆಂಬುದೂ ನಿಜವೇ. ಆದರೆ ಅಪಾಯ ಬಂದಾಗ ಅದನ್ನು ಗುರುತಿಸಬಲ್ಲವರು ಎದುರಿಗೆ ಇದ್ದರೋ ಇಲ್ಲವೋ ಎಂಬುದೇ ಜೀವದ ಪ್ರಶ್ನೆಯಾಗುತ್ತದೆ.

ಅಪಾಯ ಬರುವುದೆಲ್ಲಿಂದ? ಮುಖ್ಯವಾಗಿ ಅರಿವಳಿಕೆಯಿಂದ. ನೆತ್ತಿಯನ್ನು ಮರಗಟ್ಟಿಸಲು ಲಿಡೊಕೇಯ್ನ್ ಎಂಬ ಔಷಧವನ್ನು ಅಡ್ರಿನಲಿನ್ ಬೆರಸಿ ಚುಚ್ಚುತ್ತಾರೆ. ಹೀಗೆ ಬೆರಸಿದಾಗ ಅದರ ಗರಿಷ್ಠ ಪ್ರಮಾಣ ದೇಹತೂಕದ ಕಿಲೋಗ್ರಾಮಿಗೆ ೭ ಮಿಲಿಗ್ರಾಮು. ೬೦ ಕಿಲೋಗ್ರಾಮಿನವನಿಗೆ ೪೨೦ ಮಿಲಿಗ್ರಾಮು ಆಯಿತು. ನೂರಕ್ಕೆ ಎರಡರ ದ್ರಾವಣದಲ್ಲಿ ಇದು ೨೧ ಮಿಲಿಲೀಟರು ಮಾತ್ರ. ದಿನವಿಡೀ ನಡೆಯುವ ದೊಡ್ಡ ನಾಟಿಯಲ್ಲಿ ‘ನೋಯುತ್ತಿದೆ’ ಎಂದಾಗಲೆಲ್ಲ ಮತ್ತಷ್ಟು ಚುಚ್ಚುತ್ತ ಹೋದರೆ ಈ ಗಡಿ ದಾಟುವುದು ಕಷ್ಟವಲ್ಲ. ಗಡಿ ದಾಟಿದರೆ ಸೆಳವು ಬರಬಹುದು, ಹೃದಯದ ಬಡಿತ ಕೆಡಬಹುದು. ಇನ್ನು ಯಾವುದೇ ಔಷಧವೂ ಅಪರೂಪಕ್ಕೆ ತೀವ್ರವಾದ ಅಲರ್ಜಿಯನ್ನುಂಟುಮಾಡಬಲ್ಲದು. ಆಗ ಉಸಿರುನಾಳ ಬಿಗಿದು ರಕ್ತದೊತ್ತಡ ಕುಸಿಯುತ್ತದೆ, ಕೈಗೆಟಕುವಲ್ಲಿ ಅಡ್ರಿನಲಿನ್ ಮತ್ತು ಆಮ್ಲಜನಕ ಇರಬೇಕಾಗುತ್ತದೆ. ಔಷಧದ ಲೆಕ್ಕವನ್ನು ಯಾರು ಬರೆದಿಡುತ್ತಾರೆ, ನಾಡಿ, ರಕ್ತದೊತ್ತಡಗಳನ್ನು ಯಾರು ನೋಡುತ್ತಿರುತ್ತಾರೆ, ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಸಾಗಿಸುತ್ತಾರೆ ಎಂದು ಮೊದಲೇ ಕೇಳುವುದು ಅವಿನಯವಲ್ಲ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಚರ್ಮವೈದ್ಯ, ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಮುಂತಾದವುಗಳಲ್ಲಿ ವಿಧಿವತ್ತಾಗಿ ತರಬೇತಿ ಪಡೆದ ವೈದ್ಯರೇ ಕೂದಲಿನ ನಾಟಿ ಮಾಡತಕ್ಕದ್ದೆಂದೂ, ಕಾರ್ಯಾಗಾರಗಳಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತದ್ದು ತರಬೇತಿಯಾಗದೆಂದೂ ಅದರಲ್ಲಿ ಹೇಳಿದೆ. ಆಯೋಗ ಇಂಥ ಮಾತನ್ನು ಬರೆಯಬೇಕಾಗಿ ಬಂತೆಂಬುದೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂಬುದನ್ನು ತೋರಿಸುತ್ತದೆ. ನಮ್ಮ ರಾಜ್ಯದಲ್ಲಿ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ಪ್ರತಿ ಖಾಸಗಿ ಚಿಕಿತ್ಸಾಲಯವೂ ನೋಂದಣಿ ಮಾಡಿಸಿ, ಆ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗಹಾಕಬೇಕು. ವೈದ್ಯರ ನೋಂದಣಿ ಸಂಖ್ಯೆಯನ್ನು ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆನೋಡಬಹುದು. ಗೋಡೆಯ ಮೇಲೆ ಚಿತ್ರನಟರ ಭಾವಚಿತ್ರಗಳು ಎಷ್ಟಿವೆಯೆಂದು ಎಣಿಸುವ ಮೊದಲು ಈ ಒಂದು ಪತ್ರ ಇದೆಯೇ ಎಂದು ನೋಡುವುದು ಒಳ್ಳೆಯದು.

ಬಾಗಿಲಿನ ಮೇಲೆ ಒಬ್ಬ ಪ್ರಸಿದ್ಧ ವೈದ್ಯರ ಹೆಸರಿದ್ದು, ಒಳಗೆ ಉಳಿ ಹಿಡಿಯುವವರು ಬೇರೆಯಾಗಿರುವುದು ಈ ವ್ಯವಹಾರದ ದೊಡ್ಡ ಪಿಡುಗು. ನಮ್ಮ ದೇಶಕ್ಕೆ ಮಾತ್ರ ಸೇರಿದ ಪಿಡುಗಲ್ಲ. ಅಗ್ಗದ ದರದ ಆಕರ್ಷಣೆಯಿಂದ ಪ್ರಪಂಚದ ಎಲ್ಲೆಡೆಯಿಂದ ಜನ ಹೋಗುವ ಟರ್ಕಿಯ ಇಸ್ತಾಂಬುಲಿನಲ್ಲಿಯೂ ಉತ್ತಮ ಶಸ್ತ್ರವ��ದ್ಯರ ಪಕ್ಕದಲ್ಲಿಯೇ, ವೈದ್ಯರಲ್ಲದವರ ಕೈಯಿಂದ ಕೆಲಸ ನಡೆಸುವ ತಾಣಗಳಿವೆ. ೧೯೯೩ರಲ್ಲಿ ಸ್ಥಾಪಿತವಾದ ಕೇಶಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘವು ಇಂಥ ಕಳ್ಳ ಚಿಕಿತ್ಸಾಲಯಗಳ ವಿರುದ್ಧ ಜನರನ್ನು ಎಚ್ಚರಿಸುತ್ತ ಬಂದಿದೆ. ಗುಚ್ಛಗಳನ್ನು ಬಿಡಿಸುವುದು, ಎಣಿಸುವುದು ಮುಂತಾದ ಕೆಲಸಗಳಿಗೆ ಸಹಾಯಕರು ಬೇಕೇ ಬೇಕು. ಆದರೆ ಹಣೆಯ ಗೆರೆಯನ್ನು ಎಳೆಯುವವರು, ಅರಿವಳಿಕೆ ಕೊಡುವವರು, ಚರ್ಮವನ್ನು ಕೊರೆಯುವವರು, ನೆಡುವ ಸೀಳುಗಳ ಕೋನವನ್ನು ನಿರ್ಧರಿಸುವವರು ವೈದ್ಯರೇ ಆಗಿರಬೇಕು. ‘ಈ ನಾಲ್ಕನ್ನೂ ನೀವೇ ಮಾಡುತ್ತೀರಾ?’ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ದರದ ವಿಷಯದಲ್ಲಿಯೂ ಒಂದು ಚಮತ್ಕಾರ ನಡೆಯುತ್ತದೆ. ಕೆಲವರು ಗುಚ್ಛಕ್ಕೆ ಇಷ್ಟೆಂದು ಹೇಳುತ್ತಾರೆ, ಕೆಲವರು ಕೂದಲಿಗೆ ಇಷ್ಟೆಂದು. ಗುಚ್ಛವೊಂದರಲ್ಲಿ ಸರಾಸರಿ ಎರಡು ಕೂದಲಿದ್ದರೆ ೪೦೦೦ ಕೂದಲೆಂಬುದು ೨೦೦೦ ಗುಚ್ಛ ಮಾತ್ರ. ಒಂದು ಗುಚ್ಛವನ್ನು ಎರಡಾಗಿ ಸೀಳಿ ಲೆಕ್ಕ ಹೆಚ್ಚಿಸುವವರೂ ಉಂಟು. ಒಂದು, ಎರಡು, ಮೂರು, ನಾಲ್ಕು ಕೂದಲಿನ ಗುಚ್ಛಗಳು ತಲಾ ಎಷ್ಟೆಂಬ ಪಟ್ಟಿಯನ್ನು ಕೇಳಿ ಪಡೆಯಬಹುದು. ಆ ಪಟ್ಟಿ ಇನ್ನೊಂದು ಕಾರಣಕ್ಕೂ ಬೇಕು: ಮುಂದೆಂದಾದರೂ ಮತ್ತೊಬ್ಬ ವೈದ್ಯರ ಬಳಿಗೆ ಹೋಗಬೇಕಾದಾಗ, ಪಾತಿಯಿಂದ ಎಷ್ಟು ಖರ್ಚಾಗಿದೆಯೆಂಬುದು ಅದರಿಂದಲೇ ತಿಳಿಯುವುದು.

ಮೊದಲು–ಆಮೇಲೆ ಎಂಬ ಜೋಡಿಚಿತ್ರಗಳನ್ನು ನೋಡುವಾಗ ಬೆಳಕಿನ ಕಡೆಗೆ ಲಕ್ಷ್ಯವಿಡಬೇಕು. ಒದ್ದೆಗೂದಲನ್ನು ಮೇಲಿನಿಂದ ಬೆಳಕು ಬಿಟ್ಟು ತೆಗೆದರೆ ನೆತ್ತಿ ಹೊಳೆಯುತ್ತದೆ. ಒಣಗಿದ ಕೂದಲನ್ನು ಬಾಚಿ ಎದುರಿನಿಂದ ತೆಗೆದರೆ ಅದೇ ತಲೆ ತುಂಬಿದಂತೆ ಕಾಣುತ್ತದೆ. ಎರಡೂ ಚಿತ್ರಗಳಲ್ಲಿ ಕೋನ, ಬೆಳಕು, ಕೂದಲಿನ ಉದ್ದ ಒಂದೇ ಆಗಿರಬೇಕು. ಹಿಂದಲೆಯ ಚಿತ್ರವೂ ಜೊತೆಗಿರಬೇಕು. ಎರಡನೆಯ ಚಿತ್ರವನ್ನು ಯಾವಾಗ ತೆಗೆದರೆಂಬುದೂ ಮುಖ್ಯ. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರಗಳಲ್ಲಿ ಬಹುತೇಕ ಉದುರಿಬಿಡುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ದಿಗಿಲುಬೀಳುವುದು ಸಹಜ. ಕೂಪ ಒಳಗೆ ಜೀವಂತವಾಗಿಯೇ ಇರುತ್ತದೆ. ವಿಶ್ರಾಂತಿಯ ಅವಧಿ ಮುಗಿಸಿ ಮೂರು ನಾಲ್ಕು ತಿಂಗಳಿಗೆ ಹೊಸ ಎಳೆಯನ್ನು ಹೊರಡಿಸುತ್ತದೆ. ಪೂರ್ಣ ಫಲ ಕಾಣಲು ಒಂದು ವರ್ಷ ಬೇಕು, ನೆತ್ತಿಯ ಸುಳಿಯ ಭಾಗದಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು. ಆದುದರಿಂದ ಚಿಕಿತ್ಸಾಲಯದವರು ತೋರಿಸುವ ಚಿತ್ರ ಹನ್ನೆರಡು ತಿಂಗಳು ಕಳೆದ ಮೇಲಿನದೋ ಅಲ್ಲವೋ ಎಂದು ವಿಚಾರಿಸಿ, ಸಾಧ್ಯವಾದರೆ ಐದಾರು ವರ್ಷಗಳ ಹಿಂದೆ ಅಲ್ಲಿಯೇ ನೆಡಿಸಿಕೊಂಡವರೊಬ್ಬರನ್ನು, ಅವರು ಒಪ್ಪಿದರೆ, ಹಗಲು ಬೆಳಕಿನಲ್ಲಿ ಕಂಡು ಮಾತನಾಡಿ ಬರುವುದು ಒಳ್ಳೆಯದು.